ಸುಳ್ಳು, ನಿಜ ಎಂದು ಷರಾ ಬರೆಯುತ್ತಿದ್ದ ದಿನಗಳು

ಕಳೆದ ತಿಂಗಳು ನಮ್ಮ ಹಳೆಯ ಆಫೀಸಿನಿಂದ ಫೋನ್ ಬಂದಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ನಾಲ್ಕು ಜನರಿಗೆ ಒಂದು ಗಂಟೆ ಮಾತಾಡಿ ಅಂದರು. ಹೋದೆ. ಅವರ ಹತ್ತಿರ ನನಗೆ ಹೆಸರೂ ಗೊತ್ತಿಲ್ಲದ ಸಾಧನಗಳಿದ್ದವು. ಒಂದು ಫೋಟೊ ಮೊದಲು ಎಲ್ಲಿ ಬಂತು ಎನ್ನುವುದನ್ನು ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಹೇಳಿಬಿಡುತ್ತಾರೆ. ಅಂಥವರಿಗೆ ನಾನು ಕಲಿಸುವುದೇನಿದೆ ಎಂದು ತೋಚದೆ, ನನ್ನ ತಪ್ಪುಗಳನ್ನು ಹೇಳತೊಡಗಿದೆ. ಒಂದು ಗಂಟೆ ಸಾಲಲಿಲ್ಲ. ಅಲ್ಲಿ ಹೇಳಿದ್ದನ್ನೂ ಹೇಳಲಾಗದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಓಡಾಡುವ ಸುದ್ದಿ ಸುಳ್ಳೋ ನಿಜವೋ ಪತ್ತೆ ಮಾಡುವ ಈ ಕೆಲಸವನ್ನು ನಾನು ಹುಡುಕಿಕೊಂಡು ಹೋದವಳಲ್ಲ. ಒಂದು ಕನ್ನಡ ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಜಯನಗರದ ಮನೆಯಿಂದ ಬಸ್ಸಿನಲ್ಲಿ ಹೋಗುವುದು, ಒತ್ತು, ದೀರ್ಘ ಸರಿ ಮಾಡುವುದು, ಸಂಜೆ ಬರುವುದು. ಅದು ಈಮೇಲ್ ಹೊಸದಾಗಿದ್ದ ಕಾಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಬ್ರೌಸಿಂಗ್ ಸೆಂಟರಿಗೆ ಹೋಗಿ ಮೇಲ್ ನೋಡಿ, ಭಯವಾದದ್ದನ್ನು ಪ್ರಿಂಟ್ ಹಾಕಿಸಿಕೊಂಡು ಪತ್ರಿಕೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ‘ಇದನ್ನು ಹತ್ತು ಜನರಿಗೆ ಕಳಿಸದಿದ್ದರೆ ಏಳು ದಿನದಲ್ಲಿ ಕೆಟ್ಟ ಸುದ್ದಿ ಕೇಳುವಿರಿ’ ಎನ್ನುವಂಥವು. ಜೊತೆಗೆ ಒಂದು ಚೀಟಿ: ‘ದಯವಿಟ್ಟು ಇದು ಹೌದೋ ಅಲ್ಲವೋ ತಿಳಿಸಿ. ನನ್ನ ಹತ್ತಿರ ಹತ್ತು ಜನರ ವಿಳಾಸ ಇಲ್ಲ.’

ಸುದ್ದಿ ಸಂಪಾದಕರಾಗಿದ್ದ ಮೂರ್ತಿಗಳು ಒಂದು ದಿನ ಆ ಕಾಗದಗಳ ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟರು.

“ಸುಮಿತ್ರಾ, ನೀವು ಕಾಗುಣಿತದ ತಪ್ಪು ಹಿಡೀತೀರಲ್ಲ, ಇದ್ರಲ್ಲಿ ಇನ್ನೊಂದ್ ಥರದ್ ತಪ್ಪು ಹಿಡೀರಿ. ವಾರಕ್ಕೊಂದು ಕಾಲಂ.”

“ನನಗೆ ಏನ್ ಗೊತ್ತು ಸಾರ್ ಇದೆಲ್ಲ?”

“ಗೊತ್ತಿಲ್ಲ ಅನ್ನೋರೇ ಬೇಕಾಗಿರೋದು. ಗೊತ್ತಿರೋರು ಫೋನ್ ಮಾಡಿ ಕೇಳಲ್ಲ.”

ಮೂರ್ತಿಗಳು ತೆಳ್ಳಗಿನ ಮನುಷ್ಯ. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನು ಬರೆದದ್ದನ್ನು ಓದುವಾಗ ಅಂಚಿನಲ್ಲಿ ಎರಡೇ ಪ್ರಶ್ನೆ ಬರೆಯುತ್ತಿದ್ದರು: ‘ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು?’ ಎರಡಕ್ಕೂ ಉತ್ತರ ಇಲ್ಲದಿದ್ದರೆ ಆ ವಾರ ಕಾಲಂ ಇಲ್ಲ. ಆ ಜಾಗಕ್ಕೆ ಅಡುಗೆ ವಿಧಾನ ಹಾಕುತ್ತಿದ್ದರು. ಮೊದಲ ಎರಡು ತಿಂಗಳು ಪತ್ರಿಕೆಯಲ್ಲಿ ಅಡುಗೆ ವಿಧಾನಗಳು ಬಹಳ ಬಂದವು.

ನಾನು ಮೊದಲು ಹೊರಗೆ ಹೋಗಿ ವಿಚಾರಿಸಿದ್ದು ಹುಳಿಮಾವು ಕೆರೆಯ ಮೊಸಳೆಯ ಸುದ್ದಿಯನ್ನು. ಕೆರೆಗೆ ಮೊಸಳೆ ಬಂದಿದೆ, ಮಕ್ಕಳನ್ನು ದಂಡೆಗೆ ಬಿಡಬೇಡಿ ಎಂದು ಒಂದು ಮೇಲ್ ಫೋಟೊ ಸಮೇತ ಓಡಾಡುತ್ತಿತ್ತು. ನಾನು ಅರಣ್ಯ ಇಲಾಖೆಗೆ ಫೋನ್ ಮಾಡಿದೆ, ಬ್ಯುಸಿ. ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರನ್ನು ಕೇಳಿದೆ, ಅವರು ಮೊಸಳೆಗಳ ಬಗ್ಗೆ ಅರ್ಧ ಗಂಟೆ ಹೇಳಿದರು, ಈ ಮೊಸಳೆಯ ಬಗ್ಗೆ ಏನೂ ಹೇಳಲಿಲ್ಲ. ಮೂರ್ತಿಗಳು ಕೇಳಿದರು, “ಕೆರೆ ನೋಡಿದ್ರಾ?” ನೋಡಿರಲಿಲ್ಲ. ಬನ್ನೇರುಘಟ್ಟ ರಸ್ತೆಯ ಬಸ್ಸು ಹತ್ತಿ ಹೋದೆ. ದಂಡೆಯಲ್ಲಿ ಒಬ್ಬರು ಬಲೆ ಬಿಡಿಸುತ್ತ ಕೂತಿದ್ದರು. ಪ್ರಿಂಟ್ ತೋರಿಸಿದೆ. ಅವರು ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

“ಇದು ನಮ್ ಕೆರೆ ಅಲ್ಲ ಮೇಡಂ. ಹಿಂದ್ಗಡೆ ಬೆಟ್ಟ ಐತೆ ನೋಡಿ. ಇಲ್ಲೆಲ್ಲೈತೆ ಬೆಟ್ಟ?”

ಫೋಟೊದಲ್ಲಿ ಮೊಸಳೆಯ ಹಿಂದೆ ದೊಡ್ಡ ಬೆಟ್ಟವಿತ್ತು. ವಾರವಿಡೀ ಆ ಫೋಟೊ ನೋಡಿದ್ದ ನನಗೆ ಮೊಸಳೆ ಮಾತ್ರ ಕಂಡಿತ್ತು. ಮೇಲ್ ಕಳಿಸಿದವರಿಗೂ ಅಷ್ಟೇ ಕಂಡಿರಬೇಕು. ತೋರಿಸುವುದನ್ನು ಬಿಟ್ಟು ಅದರ ಹಿಂದಿರುವುದನ್ನು ನೋಡುವುದನ್ನು ನಾನು ಕಲಿತದ್ದು ಆ ಮನುಷ್ಯರಿಂದ. ಹೆಸರು ಕೇಳಿಕೊಳ್ಳಲಿಲ್ಲ ಎನ್ನುವ ಬೇಸರ ಇಂದಿಗೂ ಇದೆ.

ಕಾಲಂಗೆ ಹೆಸರು ಬಂತು. ಹೆಸರು ಬಂದ ಮೇಲೆ ನನಗೆ ಒಂದು ಚಟ ಹತ್ತಿತು. ಮೇಲ್ ಓದುತ್ತಿದ್ದಂತೆ ‘ಇದು ಸುಳ್ಳು’ ಎಂದು ಮೂಗಿಗೆ ವಾಸನೆ ಹತ್ತುತ್ತದೆ ಎಂದುಕೊಳ್ಳತೊಡಗಿದೆ. ಹೊಸಬರಿಗೆ ನಾನು ಹೇಳುವ ಮುಖ್ಯವಾದ ಸಂಗತಿ ಇಲ್ಲಿಂದ ಶುರುವಾಗುತ್ತದೆ, ಏಕೆಂದರೆ ಈ ಚಟ ಎಲ್ಲರಿಗೂ ಹತ್ತುತ್ತದೆ.

ರಕ್ತ ಬೇಕು ಎನ್ನುವ ಒಂದು ಮೇಲ್ ಆ ಕಾಲದಲ್ಲಿ ವರ್ಷಗಟ್ಟಲೆ ಸುತ್ತುತ್ತಿತ್ತು. ‘ನಿಮ್ಮ ಒಂದು ನಿಮಿಷ ಈ ಕಂದನಿಗೆ ಒಂದು ಬದುಕು’ ಎಂದು ಶುರುವಾಗುತ್ತಿತ್ತು. ಮಗುವಿನ ಹೆಸರು, ಊರು ಬದಲಾಗುತ್ತಿದ್ದವು, ಮಾತು ಅದೇ. ಹಿಂದೆ ಎರಡು ಸಲ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದೆ, ಎರಡೂ ಚಾಲ್ತಿಯಲ್ಲಿರಲಿಲ್ಲ. ಮೂರನೇ ಸಲ ಅದು ಬಂದಾಗ ಫೋನ್ ಮಾಡಲಿಲ್ಲ. ‘ಮತ್ತೆ ಬಂದಿದೆ ಹಳೆಯ ಸುಳ್ಳು, ಯಾರೂ ಮುಂದಕ್ಕೆ ಕಳಿಸಬೇಡಿ’ ಎಂದು, ಮೇಲ್‌ನಲ್ಲಿದ್ದ ಹೆಸರು, ನಂಬರ್ ಸಮೇತ ಬರೆದುಬಿಟ್ಟೆ. ಮೂರ್ತಿಗಳು ರಜೆಯಲ್ಲಿದ್ದರು. ಕಾಲಂ ಅಚ್ಚಾಯಿತು.

ಒಂದು ವಾರದ ಮೇಲೆ ಒಬ್ಬರು ಆಫೀಸಿಗೆ ಬಂದರು. ಸಾರಕ್ಕಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದವರು, ನರಸಿಂಹಯ್ಯ ಅಂತ. ಕೂರಲು ಹೇಳಿದರೂ ಕೂರಲಿಲ್ಲ. ಪತ್ರಿಕೆಯ ಆ ತುಂಡನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು.

“ಇದ್ರಲ್ಲಿರೋ ಮಗು ನನ್ ಮಗ್ಳು ಮೇಡಂ.”

ನಾನೂ ಕುರ್ಚಿಯಿಂದ ಎದ್ದು ನಿಂತೆ.

“ಸಿಗದೇ ಇರೋ ಗ್ರೂಪು ಅವ್ಳದು. ಬ್ರೌಸಿಂಗ್ ಸೆಂಟರ್‌ನೋರು ಮೇಲ್ ಹಾಕಿ ಅಂದ್ರು. ನಂಗೆ ಬರೆಯೋಕ್ ಬರಲ್ಲ. ಹಿಂದೆ ಯಾವಾಗ್ಲೋ ಯಾರೋ ಕಳ್ಸಿದ್ದು ಚೆನ್ನಾಗಿ ಬರ್ದಿದ್ರು, ಅದ್ನೇ ಹಾಕ್ಸಿ ನಮ್ ನಂಬರ್ ಹಾಕ್ಸ್ದೆ.”

ರಕ್ತ ಕೊಡುತ್ತೇವೆ ಎಂದು ಒಪ್ಪಿದ್ದ ಇಬ್ಬರು ಕಾಲಂ ಓದಿ ಹಿಂದೆ ಸರಿದಿದ್ದರು. ಒಬ್ಬರು ಫೋನ್ ಮಾಡಿ ಬೈದೂ ಇದ್ದರು. ಆಪರೇಷನ್ ಮುಂದಕ್ಕೆ ಹೋಯಿತು. ಕೊನೆಗೆ ಪಕ್ಕದ ಅಂಗಡಿಯವರ ನೆಂಟರ ಪೈಕಿ ಒಬ್ಬರು ಸಿಕ್ಕಿ, ಮಗು ಉಳಿಯಿತು.

“ಮಗು ಈಗ ಹುಷಾರಾಗಿ ಊಟ ಮಾಡ್ತಾಳೆ ಮೇಡಂ, ಅದ್ಕೆ ಬಂದಿಲ್ಲ ನಾನು. ನಮ್ ಬೀದೀಲಿ ಎಲ್ರೂ ಪೇಪರ್ ಓದಿದಾರೆ. ಮಗಳ ಹೆಸ್ರಲ್ಲಿ ಸುಳ್ಳ್ ಹೇಳ್ದ ಅಂತ ಅಂದ್ಕೊಂಡಿದಾರೆ. ನಾನ್ ಮೋಸಗಾರ ಅಲ್ಲ ಅಂತ ಒಂದ್ ಲೈನ್ ಹಾಕ್ಬಿಡಿ.”

ಮೂರ್ತಿಗಳಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: “ಸುಳ್ಳು ಅಂತ ಯಾವ ಪುಟದಲ್ಲಿ ಹಾಕಿದ್ವಿ?” ಹೇಳಿದೆ. “ಅದೇ ಪುಟ, ಅದೇ ಜಾಗ, ಅಷ್ಟೇ ದಪ್ಪ ಅಕ್ಷರ. ನೀವೇ ಬರೀರಿ. ಒಂದ್ ಲೈನ್ ಅಲ್ಲ, ಪೂರ್ತಿ.”

ಬರೆದೆ. ಪತ್ರಿಕೆ ಬಂದ ಬೆಳಿಗ್ಗೆ ನಾನೇ ಹತ್ತು ಪ್ರತಿ ತೆಗೆದುಕೊಂಡು ಸಾರಕ್ಕಿಗೆ ಹೋಗಿ, ಅವರ ಬೀದಿಯ ಮನೆಗಳಿಗೆ ಕೊಟ್ಟು, “ಅದನ್ನು ಬರೆದವಳು ನಾನೇ” ಎಂದು ಹೇಳಿ ಬಂದೆ. ಒಬ್ಬಾಕೆ ಬಾಗಿಲಲ್ಲೇ ನಿಲ್ಲಿಸಿ, “ಓದಿದೋರೇ ಹೀಗ್ ಮಾಡಿದ್ರೆ ಹೆಂಗಮ್ಮ?” ಅಂದಳು. ನರಸಿಂಹಯ್ಯನವರು ಕಾಫಿ ತರಿಸಿಕೊಟ್ಟರು.

ಸುಳ್ಳಿನ ಮಾತಿನಲ್ಲೇ ನಿಜವೂ ಬರಬಹುದು. ಫೋನ್ ನಂಬರ್ ಇದ್ದರೆ ಮೊದಲು ಫೋನ್ ಮಾಡಿ. ಹಿಂದೆ ನೂರು ಸಲ ಸುಳ್ಳಾಗಿದ್ದರೂ ಮಾಡಿ.

ಮುಂದೆ ಮೂರ್ತಿಗಳು ಪತ್ರಿಕೆಯಿಂದ ನಿವೃತ್ತರಾಗಿ ಜೆ.ಪಿ. ನಗರದಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು, ಈ ಕೆಲಸಕ್ಕೆಂದೇ ಒಂದು ಸಣ್ಣ ವೆಬ್‌ಸೈಟ್ ಶುರು ಮಾಡಿದರು. ನನ್ನನ್ನೂ ಕರೆದರು. ಆ ಹೊತ್ತಿಗೆ ಮೇಲ್‌ಗಳ ಕಾಲ ಮುಗಿದು, ಎಲ್ಲ ಮೊಬೈಲ್ ಗ್ರೂಪುಗಳಿಗೆ ಬಂದಿತ್ತು. ಮೊದಲು ಒಂದು ಸುಳ್ಳು ಊರು ಸುತ್ತಲು ವಾರ ಬೇಕಿತ್ತು, ನಮಗೂ ವಾರ ಸಿಗುತ್ತಿತ್ತು. ಈಗ ಬೆಳಗಿನ ಉಪ್ಪಿಟ್ಟು ಆರುವಷ್ಟರಲ್ಲಿ ಎಲ್ಲೆಡೆ ತಲುಪಿರುತ್ತಿತ್ತು. ಇನ್ನೊಂದು ದೊಡ್ಡ ಬದಲಾವಣೆ, ಮೊಸಳೆ, ರಕ್ತ, ದೇವರ ಶಾಪ ಎಲ್ಲ ಹಿಂದೆ ಸರಿದು ರಾಜಕೀಯ ಮುಂದೆ ಬಂತು. ಬಸವರಾಜ ಎನ್ನುವವರು ನಮ್ಮ ಜೊತೆ ಸೇರಿದರು. ಗದಗಿನ ಕಡೆಯವರು, ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ. ಕಂಪ್ಯೂಟರಿನಲ್ಲಿ ನನಗಿಂತ ಹತ್ತು ಪಾಲು ಚುರುಕು.

ಪಕ್ಷಗಳ ವಿಷಯ ಬಂದ ಮೇಲೆ ಬೈಗುಳವೂ ಬಂತು. ಒಂದು ಪಕ್ಷದವರು ನಮ್ಮನ್ನು ಇನ್ನೊಂದು ಪಕ್ಷದ ಬಾಡಿಗೆ ಬಂಟರು ಎನ್ನುತ್ತಿದ್ದರು, ಆ ಪಕ್ಷದವರು ಈ ಪಕ್ಷದ ಬಂಟರು ಎನ್ನುತ್ತಿದ್ದರು. ಪಕ್ಷಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಓದುವುದನ್ನು ಬಿಟ್ಟು ನಾನು ಯಾವ ಕಡೆ ಎಂದು ನೋಡತೊಡಗುತ್ತೀರಿ. ಬೈಗುಳ ಬಂದಾಗಲೆಲ್ಲ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಮಾತೊಂದಿತ್ತು: ಎರಡು ಕಡೆಯವರೂ ಬೈಯುತ್ತಾರೆ, ಅಂದಮೇಲೆ ನಾವು ನಡುವೆ ಇದ್ದೇವೆ.

ಒಂದು ಚುನಾವಣೆ ಹತ್ತಿರ ಬರುತ್ತಿದ್ದಾಗ ಬನಶಂಕರಿಯ ನಾಗೇಶ ರಾವ್ ಎನ್ನುವ ನಿವೃತ್ತ ಗಣಿತದ ಮೇಷ್ಟರು ನಮ್ಮ ಮಹಡಿ ಮೆಟ್ಟಿಲು ಹತ್ತಿ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಹಿಂದೆ ಮೂರು ಸಲ ಪತ್ರ ಬರೆದಿದ್ದರು, ನಾನು ಉತ್ತರಿಸಿರಲಿಲ್ಲ. ಚೀಲದಿಂದ ನಮ್ಮದೇ ಬರಹಗಳ ಪ್ರಿಂಟ್ ತೆಗೆದು ಎರಡು ಗುಡ್ಡೆ ಮಾಡಿ ಮೇಜಿನ ಮೇಲಿಟ್ಟರು.

“ಅಮ್ಮಾ, ಇದು ಒಂದ್ ಪಕ್ಷದವರು ಹೇಳಿದ್ದಕ್ಕೆ ನೀವು ಬರೆದಿರೋದು. ಇದು ಇನ್ನೊಂದ್ ಪಕ್ಷದವರದು. ಎರಡೂ ಕಡೆ ತಪ್ಪು ಒಂದೇ ಥರದ್ದು. ಷರಾ ಮಾತ್ರ ಬೇರೆ.”

“ಸಾರ್, ಎರಡು ಕಡೆಯವರೂ ನಮ್ಮನ್ನ ಬೈತಾರೆ,” ಎಂದೆ. ರೂಢಿಯ ಮಾತು, ತಾನಾಗಿ ಬಂತು.

“ಗೋಡೆಗೆ ಸುಣ್ಣ ಸರಿಯಾಗಿ ಬಳೀದೇ ಇದ್ರೂ ಮನೆಮಂದಿಯೆಲ್ಲ ಬೈತಾರಮ್ಮ. ಅದರಿಂದ ಸುಣ್ಣ ಚೆನ್ನಾಗಿದೆ ಅಂತಾಗಲ್ಲ.”

ಒಳಗೆ ಕೂತಿದ್ದ ಮೂರ್ತಿಗಳು ಎದ್ದು ಬಂದರು. ಮೇಷ್ಟರು ಎರಡು ಗುಡ್ಡೆಯಿಂದಲೂ ಒಂದೊಂದು ಹಾಳೆ ತೆಗೆದು ಅವರ ಕೈಗಿತ್ತರು. ಎರಡೂ ಶಾಲಾ ಕೊಠಡಿಗಳ ಬಗ್ಗೆ. ಒಬ್ಬ ನಾಯಕರು ಹಿಂದಿನ ಸರ್ಕಾರ ಶುರು ಮಾಡಿದ್ದ ಕೊಠಡಿಗಳನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿ ಹೇಳಿದ್ದರು. ಅದಕ್ಕೆ ನಾನು ಕೊಟ್ಟ ಷರಾ ‘ಸುಳ್ಳು’. ಎದುರು ಪಕ್ಷದ ನಾಯಕರು ಬರೀ ತಳಪಾಯ ಹಾಕಿದ್ದ ಕೊಠಡಿಗಳನ್ನು ಕಟ್ಟಿದವೆಂದು ಸೇರಿಸಿ ಹೇಳಿದ್ದರು. ಅದಕ್ಕೆ ನಾನು ಕೊಟ್ಟದ್ದು ‘ಪೂರ್ತಿ ನಿಜವಲ್ಲ’. ಒಂದರಲ್ಲಿ ನಾಯಕರು ‘ಜನರ ಕಣ್ಣಿಗೆ ಮಣ್ಣೆರಚಿದ್ದಾರೆ’ ಎಂದು ಬರೆದಿದ್ದೆ. ಇನ್ನೊಂದರಲ್ಲಿ ‘ಲೆಕ್ಕದಲ್ಲಿ ಗೊಂದಲವಾಗಿದೆ’ ಎಂದಿದ್ದೆ.

ಸೋಲಬಾರದು ಎನ್ನುವ ಹಟಕ್ಕೆ ಕೇಳಿಬಿಟ್ಟೆ, “ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ಒಲವು ಆ ಪಕ್ಷದ ಕಡೆಗಾ?” ನಾನು ‘ಸುಳ್ಳು’ ಎಂದು ಬರೆದಿದ್ದ ಪಕ್ಷದ ಹೆಸರು ಹೇಳಿದೆ.

ಮೇಷ್ಟರು ನಿಧಾನವಾಗಿ ತಲೆಯಾಡಿಸಿದರು. “ಇಲ್ಲಮ್ಮ. ನಾನು ಓಟು ಹಾಕೋದು ನೀವು ಮೆತ್ತಗೆ ಬರೆದಿರೋ ಪಕ್ಷಕ್ಕೇ. ನಿಮ್ಮ ಬರಹ ಓದಿದಾಗೆಲ್ಲ ನನಗೆ ಸಂತೋಷ ಆಗ್ತಿತ್ತು. ಪ್ರತಿ ಸಲವೂ ಸಂತೋಷ ಆಗ್ತಿದೆಯಲ್ಲ ಅಂತ ಒಂದಿನ ಅನುಮಾನ ಬಂತು. ಅದಕ್ಕೇ ಎಲ್ಲಾ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ.”

ನಾನೂ ಓಟು ಹಾಕುತ್ತಿದ್ದದ್ದು ಅದೇ ಪಕ್ಷಕ್ಕೆ. ಅದನ್ನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದರೆ ಅದು ಬರಹದೊಳಗೆ ಬರುವುದಿಲ್ಲ ಎಂದು ನಂಬಿದ್ದೆ.

ಮಾರನೇ ದಿನ ಮೂರ್ತಿಗಳು ಒಂದು ಪರೀಕ್ಷೆ ಮಾಡಿದರು. ಬಸವರಾಜರು ನಮಗೆ ಮರೆತೇ ಹೋಗಿದ್ದ ಹಳೆಯ ಹೇಳಿಕೆಗಳಲ್ಲಿ ಪಕ್ಷ, ನಾಯಕರು, ಊರು ಎಲ್ಲವನ್ನೂ ತೆಗೆದು ಬರೀ ಮಾತನ್ನೂ ಅದಕ್ಕೆ ಸಂಬಂಧಿಸಿದ ದಾಖಲೆಯನ್ನೂ ಉಳಿಸಿ ಹಾಳೆಗಳನ್ನು ತಯಾರಿಸಿದರು. ನಾನು ಒಂದು ಕೋಣೆಯಲ್ಲಿ, ಮೂರ್ತಿಗಳು ಇನ್ನೊಂದರಲ್ಲಿ ಕೂತು ಷರಾ ಬರೆದೆವು. ಆಮೇಲೆ ಹಳೆಯದರ ಜೊತೆ ಹೋಲಿಸಿದೆವು. ಬಹುಪಾಲು ಷರಾ ಹಿಂದಿನಂತೆಯೇ ಇದ್ದವು. ನಾನು ಉಸಿರು ಬಿಟ್ಟೆ. ಆದರೆ ಅನುಮಾನಕ್ಕೆ ಎಡೆಯಿದ್ದ ಕಡೆಗಳಲ್ಲಿ, ಹೀಗೂ ಹೇಳಬಹುದು ಹಾಗೂ ಹೇಳಬಹುದು ಎನ್ನುವಂಥವುಗಳಲ್ಲಿ, ನನ್ನ ಹಳೆಯ ಷರಾಗಳು ಒಂದೇ ಕಡೆಗೆ ಜಾರಿದ್ದವು. ಹೆಸರು ತೆಗೆದಾಗ, ಕೊಠಡಿಗಳದ್ದನ್ನು ಹೋಲುವ ಬೇರೆ ಜೋಡಿ ಹೇಳಿಕೆಗಳಿಗೆ ನಾನು ಒಂದೇ ಷರಾ ಬರೆದಿದ್ದೆ.

ಇನ್ನೂ ಒಂದು ಸಂಗತಿ ಬಸವರಾಜರಿಗೆ ಕಂಡಿತು. “ಮೇಡಂ, ಷರಾದ್ದು ಬಿಡ್ರಿ. ನಾವು ಯಾವುದನ್ನ ತಗೊಂಡೇವಿ, ಯಾವುದನ್ನ ಬಿಟ್ಟೇವಿ ಅನ್ನೋದನ್ನೂ ನೋಡಬೇಕ್ರೀ. ಆ ಪಕ್ಷದವ್ರು ಕೆಮ್ಮಿದ್ರೂ ನಾವು ಹಿಡದೇವಿ. ಈ ಪಕ್ಷದವ್ರು ಭಾಷಣ ಮಾಡಿದ್ರೂ ಬಿಟ್ಟೇವಿ.” ಅದರಲ್ಲಿ ತಮ್ಮ ಪಾಲೂ ಇದೆ ಎಂದು ಅವರೇ ಒಪ್ಪಿಕೊಂಡರು. ಒಂದು ಸುಳ್ಳನ್ನೂ ಬರೆಯದೆ, ಬರೀ ಆಯ್ಕೆಯಿಂದಲೇ ಪಕ್ಷಪಾತ ಮಾಡಬಹುದು ಎನ್ನುವುದು ಆ ದಿನ ನನಗೆ ಅರ್ಥವಾಯಿತು.

ಈಗ ಏನು ಮಾಡುವುದು? ಬಸವರಾಜರು ಹೆದರಿದರು. “ಒಳಗ ಸರಿ ಮಾಡ್ಕೊಳ್ಳೋಣ್ರೀ. ಚುನಾವಣೆ ಹೊತ್ತಿನ್ಯಾಗ ಇದನ್ನ ಹೊರಗ ಹಾಕಬ್ಯಾಡ್ರಿ. ಎತ್ಕೊಂಡು ಕುಣೀತಾರ. ನಾಳೆ ನಾವು ಸುಳ್ಳನ್ನ ಸುಳ್ಳು ಅಂದ್ರೂ ಯಾರೂ ನಂಬಂಗಿಲ್ಲ.”

ಅವರ ಮಾತು ತೆಗೆದುಹಾಕುವಂಥದ್ದಾಗಿರಲಿಲ್ಲ. ಮೂರ್ತಿಗಳು ನನ್ನ ಕಡೆ ನೋಡಿದರು. “ಬರೆದಿರೋದು ನೀವು. ನೀವು ಹೇಳಿ.”

ನನಗೆ ಭಯವಾಗಿತ್ತು. ಹೆಸರು ಹೋಗುವುದಕ್ಕಿಂತ ಹೆಚ್ಚಾಗಿ, ನಾನು ಒಪ್ಪದ ಆ ಪಕ್ಷಕ್ಕೆ ನನ್ನ ಕೈಯಿಂದಲೇ ಒಂದು ಆಯುಧ ಸಿಗುತ್ತದಲ್ಲ ಎನ್ನುವ ಸಂಕಟ. ಆ ಸಂಕಟವನ್ನು ಗಮನಿಸಿದಾಗಲೇ ನನಗೆ ಉತ್ತರ ಸಿಕ್ಕಿತು. ಆ ಪಕ್ಷಕ್ಕೆ ಲಾಭವಾಗುತ್ತದೆ ಎಂದು ನಿಜವನ್ನು ತಡೆಹಿಡಿದರೆ, ಮೇಷ್ಟರು ಹೇಳಿದ್ದು ಪೂರ್ತಿ ಸಾಬೀತಾಗುತ್ತಿತ್ತು.

“ಮೊದಲ ಪುಟದಲ್ಲೇ ಹಾಕೋಣ ಸಾರ್,” ಎಂದೆ.

ತಿದ್ದಿದ ಷರಾಗಳನ್ನು ಹಳೆಯ ಷರಾಗಳ ಪಕ್ಕದಲ್ಲೇ ಹಾಕಿದೆವು. ಹೇಗೆ ಪರೀಕ್ಷೆ ಮಾಡಿದೆವು ಎಂದು ಬರೆದೆವು. ನನ್ನ ಹೆಸರು ಹಾಕಿದೆ. ಅಂದಿನಿಂದ ಕೆಲಸದ ರೀತಿ ಬದಲಾಯಿತು. ಹೇಳಿಕೆಯನ್ನು ಒಬ್ಬರು ಆರಿಸಬೇಕು, ಹೆಸರು ತೆಗೆದು ಇನ್ನೊಬ್ಬರಿಗೆ ಕೊಡಬೇಕು. ಷರಾ ಬರೆದ ಮೇಲಷ್ಟೇ ಹೆಸರು ಕಾಣಬೇಕು. ‘ಮಣ್ಣೆರಚಿದರು’ ಥರದ ಮಾತು ಯಾರ ಬಗ್ಗೆಯೂ ಇಲ್ಲ. ಇದರಿಂದ ಪಕ್ಷಪಾತ ಪೂರ್ತಿ ಹೋಯಿತು ಎಂದು ನಾನು ಹೇಳುವುದಿಲ್ಲ. ಹೇಳಿಕೆಯ ಧಾಟಿಯಿಂದಲೇ ಯಾರದ್ದೆಂದು ಎಷ್ಟೋ ಸಲ ಗೊತ್ತಾಗುತ್ತದೆ. ಹಾಗೆ ಗೊತ್ತಾದಾಗ ‘ನನಗೆ ಗೊತ್ತಾಯಿತು’ ಎಂದು ಹಾಳೆಯ ಮೇಲೆ ಬರೆಯುವುದನ್ನು ರೂಢಿ ಮಾಡಿಕೊಂಡೆವು.

ಬಸವರಾಜರು ಹೇಳಿದಂತೆಯೇ ಆಯಿತು. ಎರಡೇ ದಿನದಲ್ಲಿ ನಮ್ಮ ತಪ್ಪೊಪ್ಪಿಗೆಯ ಅರ್ಧ ಭಾಗ ಕತ್ತರಿಸಿ ಒಂದು ಫಾರ್ವರ್ಡ್ ಹೊರಟಿತು: ‘ಸುಳ್ಳು ಹಿಡಿಯುವವರೇ ಸುಳ್ಳುಗಾರರು. ಇಷ್ಟು ವರ್ಷ ಬರೆದದ್ದೆಲ್ಲ ಸುಳ್ಳೆಂದು ಒಪ್ಪಿಕೊಂಡರು. ಎಲ್ಲರಿಗೂ ಕಳಿಸಿ.’ ಕೆಳಗೆ ನನ್ನ ಹೆಸರು. ಬೀದಿಯಲ್ಲಿ ತರಕಾರಿ ಕೊಳ್ಳುವಾಗ ಪರಿಚಯದವರು ಮುಖ ತಿರುಗಿಸಿದ್ದುಂಟು. ನನ್ನ ಕಡೆಯವರೆಂದು ನಾನು ತಿಳಿದಿದ್ದವರೇ ಹೆಚ್ಚು ಸಿಟ್ಟಾದರು. ಈ ಹೊತ್ತಲ್ಲಿ ಇದು ಬೇಕಿತ್ತಾ ಎಂದು ಕೇಳಿದರು. ನಮ್ಮ ಬಗ್ಗೆಯೇ ಇದ್ದ ಆ ಫಾರ್ವರ್ಡ್‌ಗೆ ನಾವೇ ಷರಾ ಬರೆಯುವುದು ಸರಿಯಲ್ಲ ಎಂದು ಮೂರ್ತಿಗಳು ಬಿಡಲಿಲ್ಲ. ಪೂರ್ತಿ ಬರಹದ ಕೊಂಡಿಯನ್ನಷ್ಟೇ ಮತ್ತೊಮ್ಮೆ ಹಾಕಿ ಸುಮ್ಮನಾದೆವು.

ಆ ವಾರದ ಭಾನುವಾರ ಕುಮಾರಸ್ವಾಮಿ ಲೇಔಟಿನಿಂದ ನನ್ನ ಅಣ್ಣ ಫೋನ್ ಮಾಡಿದ. ಅವನು ನಾನು ‘ಸುಳ್ಳು’ ಎಂದು ಬರೆಯುತ್ತಿದ್ದ ಪಕ್ಷದ ಕಟ್ಟಾ ಅಭಿಮಾನಿ. ಒಮ್ಮೆ ಮನೆಮಂದಿಯ ಗ್ರೂಪಿನಲ್ಲಿ ಅವನು ಕಳಿಸಿದ್ದೊಂದನ್ನು ನಾನು ಎಲ್ಲರ ಮುಂದೆ ಸುಳ್ಳೆಂದು ತೋರಿಸಿದ್ದೆ. ಅಂದಿನಿಂದ ಹಬ್ಬಕ್ಕೆ ಬರುತ್ತಿದ್ದ, ಊಟ ಮಾಡಿ ಹೋಗುತ್ತಿದ್ದ, ನನ್ನ ಜೊತೆ ರಾಜಕೀಯದ ಒಂದು ಮಾತೂ ಆಡುತ್ತಿರಲಿಲ್ಲ. ಆಡಿಕೊಳ್ಳಲು ಮಾಡಿದ್ದಾನೆ ಎಂದುಕೊಂಡೇ ಫೋನ್ ಎತ್ತಿದೆ.

“ಸುಮಾ, ನಿನ್ ಬಗ್ಗೆ ಒಂದ್ ಫಾರ್ವರ್ಡ್ ಬಂದಿದೆ.”

“ಗೊತ್ತು ಅಣ್ಣ.”

“ಗ್ರೂಪಿಗೆ ಹಾಕಣ ಅಂತಿದ್ದೆ. ಹಾಕೋಕ್ ಮುಂಚೆ ನಿನ್ನೇ ಕೇಳ್ಬಿಡಣ ಅನ್ನಿಸ್ತು. ಇದು ನಿಜಾನಾ?”

“ಅರ್ಧ ನಿಜ.”

ಅವನು ನಗುತ್ತಾನೆ ಎಂದು ಕಾದೆ. ನಗಲಿಲ್ಲ. ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

“ಯಾವ ಅರ್ಧ?” ಅಂದ.

ಇಷ್ಟು ವರ್ಷ ಅವನಿಗೆ ಸಾವಿರ ಷರಾ ಕಳಿಸಿದ್ದೆ, ಒಂದಕ್ಕೂ ಅವನು ಪ್ರಶ್ನೆ ಕೇಳಿರಲಿಲ್ಲ. ನಾನೂ ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಹೇಳತೊಡಗಿದೆ.